ಅಜ್ಜಮ್ಮನ ಎಡಗೈ

ಬಿಳಿಚೋಡಿನ ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಮಾಡುವ ಅಜ್ಜಮ್ಮ ಹುಟ್ಟಾ ಎಡಚಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವಳ ಅತ್ತೆ ಅದನ್ನು ಸುಟ್ಟೇ ನೋಡಿದ್ದಳು ಪುಣ್ಯಾತ್ಗಿತ್ತಿ! ಹೊಸ ಸೊಸೆ ಎಡಗೈಯಲ್ಲಿ ಬಡಿಸಿದಳೆಂದು ಕಾದ ಸೌಟನ್ನು ಅದೇ ಕೈಗೆ ಒತ್ತಿದ್ದಳು. ಮಣಿಕಟ್ಟಿನ ಮೇಲೆ ಕಲೆ ಇನ್ನೂ ಇದೆ. ಅಂದಿನಿಂದ ನಾಲ್ಕು ಜನರ ಎದುರು ಅಜ್ಜಮ್ಮನ ಎಡಗೈ ಸೆರಗಿನೊಳಗೇ ಇರುತ್ತದೆ.

ಮೊಮ್ಮಗಳು ಅನಿತಾ ಒಂದನೇ ಕ್ಲಾಸಿಗೆ ಸೇರಿ ಎಡಗೈಯಲ್ಲೇ ಬಳಪ ಹಿಡಿದಾಗ ಅಜ್ಜಮ್ಮನಿಗೆ ಅತ್ತೆಯ ಕಾದ ಸೌಟು ನೆನಪಾಯಿತು. ಅಂದಿನಿಂದ ಮಗು ಬರೆಯಲು ಕೂತಾಗಲೆಲ್ಲ ಆ ಕೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. "ನಾನು ಪಟ್ಟಿದ್ದು ನಿಂಗೆ ಬ್ಯಾಡವ್ವಾ," ಎನ್ನುತ್ತಿದ್ದಳು.

ಈ ಡಿಸೆಂಬರಿನಲ್ಲಿ ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ನಡೆಯಿತು. ಶ್ರೀಲಂಕಾ, ನೇಪಾಳ, ಮಲೇಷ್ಯಾದ ಮಕ್ಕಳೂ ಬಂದಿದ್ದರು. ಮೊದಲ ಬೆಳಿಗ್ಗೆ ಅಜ್ಜಮ್ಮ ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದು ಎಡಗೈಯಲ್ಲಿ ಪಟಪಟ ರೊಟ್ಟಿ ತಟ್ಟುತ್ತಿದ್ದಾಗ ಶ್ರೀಲಂಕಾದ ದಿಲ್ಹಾನಿ ಎಂಬ ಗೈಡ್ ಹುಡುಗಿ ಒಳಗೆ ಬಂದಳು. ನಕ್ಕು, ತನ್ನ ಎಡಗೈಯನ್ನೇ ಮುಂದೆ ಚಾಚಿದಳು.

ಅಜ್ಜಮ್ಮನ ಮುಖ ಕಪ್ಪಿಟ್ಟಿತು. ಹುಡುಗಿಯ ಹಿಂದೆಯೇ ಬಂದ ಗೈಡ್ ಶಿಕ್ಷಕಿ ಸುಚಿತ್ರಾಗೆ, "ನೋಡ್ರೀ ಮೇಡಂ, ಎಲ್ಲಿಂದಲೋ ಬಂದ ಕೂಸೂ ನನ್ನ ಎಡಚಿ ಅಂತ ಆಡ್ಕೊಳ್ತೈತೆ," ಎಂದಳು.

"ಅಯ್ಯೋ, ಆಡ್ಕೊಳ್ಳಾಕೆ ಅಲ್ಲ ಅಜ್ಜಮ್ಮಾರೇ! ನಮ್ಮ ಸ್ಕೌಟು, ಗೈಡಿನೋರು ಯಾವ ದೇಶದಾಗೇ ಇರ್ಲಿ, ಕೈ ಕುಲುಕಾಕೆ ಎಡಗೈನೇ ಕೊಡ್ತೀವಿ. ಎದೆಗೆ ಹತ್ರ ಇರೋ ಕೈ ಅಂತ. ಈ ಕೂಸು ನಿಮ್ಮನ್ನೂ ನಮ್ಮೋರು ಅಂದ್ಕೊಂಡೈತೆ. ಕೊಡ್ರಿ ಕೈ."

ಅಜ್ಜಮ್ಮ ಹಿಟ್ಟು ಒರೆಸಿಕೊಂಡು, ಅಂಜುತ್ತಲೇ ಕೈ ಚಾಚಿದಳು. ಹುಡುಗಿ ಅದನ್ನು ಗಟ್ಟಿಯಾಗಿ ಹಿಡಿದಳು. ಕಲೆ ಕಂಡಿತೇನೋ, ಏನೂ ಕೇಳದೆ ಅದರ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದಳು. ಅಜ್ಜಮ್ಮನಿಗೆ ಅಳು ಒತ್ತರಿಸಿ ಬಂತು.

ಮಕ್ಕಳು ಎರಡೇ ದಿನದಲ್ಲಿ ಸ್ಕಾರ್ಫು, ಬ್ಯಾಡ್ಜು ಬದಲಿಸಿಕೊಂಡು ಒಂದೇ ಮನೆಯವರಂತಾದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಹರಟೆಗೆ ಮಾತ್ರ ಕೊನೆಯಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಗೂ ಸಾಲು ಹಚ್ಚಿ ಅಜ್ಜಮ್ಮನಿಗೆ ಎಡಗೈ ಕೊಟ್ಟೇ ತಿಂಡಿಗೆ ಕೂರುತ್ತಿದ್ದರು. ರೊಟ್ಟಿ ತಟ್ಟಲು ಕಲಿತ ನೇಪಾಳದ ಇಬ್ಬರು ಅವಳನ್ನು ನೋಡಿ ಎಡಗೈಯಲ್ಲೇ ಕಲಿತರು! ಅಜ್ಜಮ್ಮ ಬಿದ್ದು ಬಿದ್ದು ನಕ್ಕಳು.

ಐದನೇ ದಿನ ಬಸ್ಸು ಹೊರಟಿತು. ಮಕ್ಕಳನ್ನು ಕಳಿಸಿ ಅಜ್ಜಮ್ಮ ಸಪ್ಪೆ ಮೋರೆ ಹೊತ್ತು ಮನೆಗೆ ಬಂದಳು. ಅನಿತಾ ಸ್ಲೇಟು ತೆಗೆದವಳು, ರೂಢಿಯಂತೆ ತಾನೇ ಬಟ್ಟೆ ತಂದು ಎಡಗೈ ಚಾಚಿದಳು.

"ಕಟ್ಟಜ್ಜಿ."

ಅಜ್ಜಮ್ಮ ಆ ಪುಟ್ಟ ಕೈಯನ್ನು ನೋಡಿದಳು. ತನ್ನ ಎಡಗೈ ಚಾಚಿ ಅದನ್ನು ಹಿಡಿದು ಕುಲುಕಿದಳು. ಆಮೇಲೆ ಅದೇ ಕೈಗೆ ಬಳಪ ಇಟ್ಟು, "ಇನ್ಮ್ಯಾಲೆ ಕಟ್ಟಲ್ಲವ್ವಾ, ಬರಿ," ಎಂದಳು.