ಗುಟ್ಟಿನ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಕಾವಲುಗಾರ ಆಕಳಿಸುತ್ತಾ ಗೇಟಿನ ಬೀಗ ತೆಗೆಯುವಷ್ಟರಲ್ಲಿ ಒಂದನೇ ತರಗತಿಯ ಟೀಚರ್ ಅವನ ಪಕ್ಕದಿಂದ ನುಸುಳಿ ಅರ್ಧ ಅಂಗಳ ದಾಟಿಯಾಗಿರುತ್ತದೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ ಮೇಡಂ?" ಎಂದು ಅವನು ದಿನಾ ಕೇಳುತ್ತಾನೆ, ಇವರು ದಿನಾ ಓಡುತ್ತಾರೆ. ಕೋಣೆ ಹೊಕ್ಕವರೇ ತಟ್ಟೆಗಳಲ್ಲಿರುವ ಮರಳಿಗೆ ನೀರು ಚಿಮುಕಿಸುತ್ತಾರೆ. ತೀರಾ ಒಣಗಿದ್ದರೆ ಬೆರಳಿನ ಗೆರೆ ನಿಲ್ಲುವುದಿಲ್ಲ, ಒದ್ದೆ ಹೆಚ್ಚಾದರೆ ಮರಳೆಲ್ಲ ಅಂಗೈಗೇ ಮೆತ್ತಿಕೊಳ್ಳುತ್ತದೆ. ಆಮೇಲೆ ನೆಲಕ್ಕೆ ಕೂತು ಸೀಮೆಸುಣ್ಣದಲ್ಲಿ ವೃತ್ತ ಬರೆದು ಒಂದೊಂದರೊಳಗೆ ಒಂದೊಂದು ಅಕ್ಷರ ಕೂರಿಸುತ್ತಾರೆ. ಇವತ್ತು ಬರೆದದ್ದನ್ನು ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ, ಕಿಟಕಿಗೆ ಹೋಗಿ ಇಣುಕಿ ಬರುತ್ತಾರೆ. ಸಹೋದ್ಯೋಗಿಗಳು ಇವರಿಗೆ 'ಪಾದರಸ' ಅಂತ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಇವತ್ತಿನ ಚಡಪಡಿಕೆಗೆ ಬೇರೆಯದೇ ಕಾರಣವಿದೆ. ಶಿಕ್ಷಣ ಇಲಾಖೆಯ ಮೇಲ್ವಿಚಾರಕಿ ಎರಡನೇ ಸಲ ಬರುವ ದಿನ ಇದು. ಮಕ್ಕಳು ಓದಿದರೆ ಸರಿ. ಇಲ್ಲದಿದ್ದರೆ ಈ ಕೋಣೆ ಮುರಿದ ಬೆಂಚುಗಳ ಉಗ್ರಾಣವಾಗುತ್ತದೆ, ಮಕ್ಕಳು ದೊಡ್ಡ ಹಾಲ್‌ನಲ್ಲಿ ಎರಡನೇ ತರಗತಿಯವರ ಜೊತೆ ಕೂತು ಬೋರ್ಡಿನಲ್ಲಿದ್ದದ್ದನ್ನು ನಕಲು ಮಾಡುತ್ತಾರೆ. ಮೊದಲೂ ಹಾಗೇ ಇತ್ತು. ಮುಖ್ಯೋಪಾಧ್ಯಾಯರ ಬೆನ್ನು ಬಿದ್ದು, ಕಾಡಿ ಬೇಡಿ ಪಡೆದ ಕೋಣೆ ಇದು. "ಹೋದ್ರೆ ನನ್ನ ಕೈ ಕತ್ತರಿಸಿದ ಹಾಗೆ" ಎನ್ನುತ್ತಾ ಆ ಕೈಯನ್ನೇ ಒಮ್ಮೆ ಕೊಡವಿಕೊಳ್ಳುತ್ತಾರೆ.

ಅವರ ಪಾಠವೆಲ್ಲ ಇರುವುದೇ ಕೈಯಲ್ಲಿ. ಎಡಗೈ ಮುಷ್ಟಿ ಬಿಗಿಹಿಡಿದು 'ಕ್' ಎನ್ನಬೇಕು. ಬಲಗೈ ಅಗಲಕ್ಕೆ ಚಾಚಿದರೆ 'ಆ', ಕೆನ್ನೆ ಹಿಂದಕ್ಕೆ ಎಳೆದರೆ 'ಇ', ತುಟಿಯ ಮುಂದೆ ಬೆರಳು ಸುತ್ತಿದರೆ 'ಉ'. ಎರಡೂ ಕೈ ಪಟ್ ಅಂತ ಸೇರಿದಾಗ 'ಕಾ', 'ಕಿ', 'ಕು' ಹುಟ್ಟುತ್ತವೆ. ಆಮೇಲೆ ವೃತ್ತದಿಂದ ವೃತ್ತಕ್ಕೆ ಜಿಗಿತ: ಒಂದು ಕಾಲು 'ಮ', ಇನ್ನೊಂದು ಕಾಲು 'ರ', ಓಡಿ ದಾಟಿದರೆ 'ಮರ'. ಬಾಟಲಿ ಮುಚ್ಚಳಗಳ ಮೇಲೂ ಅಕ್ಷರ, ಜೋಡಿಸಿದರೆ ಪದ. ಮೂವತ್ತು ಚಿಲ್ಲರೆ ಮಕ್ಕಳು ಒಟ್ಟಿಗೆ ಜಿಗಿಯುವ ಗಲಾಟೆಗೆ ಗೋಡೆಯಾಚೆಯ ನಾಲ್ಕನೇ ತರಗತಿಯ ಮೇಷ್ಟ್ರು ಬಂದು, "ಇದೇನು ಶಾಲೇನೋ ಸಂತೇನೋ?" ಎಂದು ಗದರಿ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಟೀಚರ ಗಂಟಲು ಕಟ್ಟಿ ಮನೆಯಲ್ಲಿ ಬರೀ ಸನ್ನೆ. ಅವರ ಅತ್ತೆಗೆ ಅದೇನೂ ಬೇಸರವಿಲ್ಲ, ಮುಚ್ಚಳಗಳದ್ದೇ ಬೇಸರ. "ಈ ಮನೇಲಿ ಒಂದು ಬಾಟಲಿಗಾದ್ರೂ ಮುಚ್ಚಳ ಇದ್ಯಾ ನೋಡಿ! ಎಣ್ಣೆಗೆ ಇರುವೆ ಬಿದ್ರೂ ನನ್ ಸೊಸೆಗೆ ಚಿಂತೆಯಿಲ್ಲ. ಬುದ್ಧಿವಂತೆ ಕಣ್ರೀ, ಆದ್ರೆ ಕಳ್ಳಿ" ಎಂದು ಬಾಯ್ತುಂಬ ನಗುತ್ತಾರೆ.

ಈ ವಿದ್ಯೆ ಇವರಿಗೆ ತರಬೇತಿಯಲ್ಲಿ ಸಿಕ್ಕಿದ್ದಲ್ಲ, ತಮ್ಮನಿಂದ ಸಿಕ್ಕಿದ್ದು. ಅವನು ಪುಸ್ತಕವನ್ನೆಲ್ಲ ಕೇಳಿ ಕೇಳಿಯೇ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಪುಟ ತಿರುಗಿಸಿ ಬೇರೆ ಸಾಲು ತೋರಿಸಿದ ದಿನ ಸಿಕ್ಕಿಬಿದ್ದು ಏಟು ತಿಂದ. ಅಕ್ಕ ಅವನನ್ನು ಮನೆಯ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ, ಮೆಟ್ಟಿಲಿಗೊಂದು ಸದ್ದು ಹೇಳಿಸಿ ಓದಲು ಕಲಿಸಿದಳು. "ಅವನೇನು ದಡ್ಡ ಅಲ್ಲ. ಕೂತ್ಕೊಂಡು ಕಲಿಯೋಕೆ ಆಗ್ತಿರ್ಲಿಲ್ಲ, ಅಷ್ಟೇ. ನನಗೂ ಆಗಲ್ಲ!" ಎನ್ನುತ್ತಾರೆ ಟೀಚರ್. ಆ ತಮ್ಮ ಈಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್.

ಹಾಗಾದರೆ ಮೊದಲ ಭೇಟಿಯಲ್ಲಿ ಎಡವಟ್ಟಾದದ್ದೆಲ್ಲಿ? ಮೇಲ್ವಿಚಾರಕಿ ಕೆಟ್ಟವರೇನಲ್ಲ. ಬಂದರು, ನಕ್ಕರು, ಎಲ್ಲ ಶಾಲೆಗಳಲ್ಲೂ ಹೇಳುವ ಹಾಗೆ "ಎಲ್ರೂ ಕೈ ಕಟ್ಟಿ ಕೂತ್ಕೊಳ್ಳಿ ನೋಡೋಣ" ಎಂದರು. ಮಕ್ಕಳು ಕೈ ಕಟ್ಟಿದರು. ಕೈಯಲ್ಲಿ ಹಿಡಿಯುವ ಪುಟ್ಟ ಹಲಗೆಯ ಮೇಲೆ ಅವರು ಬರೆದದ್ದು ಸುಲಭದ ಪದ. ಒಬ್ಬರ ಬಾಯಿಂದಲೂ ಸದ್ದು ಹೊರಡಲಿಲ್ಲ. ಕೈ ಬಿಚ್ಚಿ ಮುಷ್ಟಿ ಬಿಗಿಯಲು ಬಿಟ್ಟಿದ್ದರೆ ಗಡಗಡ ಓದುತ್ತಿದ್ದ ಮಕ್ಕಳು ಮಿಕಮಿಕ ನೋಡಿದರು. ಮುಂದಿನ ಸಾಲಿನ 'ಗುಬ್ಬಿ' ಎಂಬ ಪುಟ್ಟ ಹುಡುಗಿಯಂತೂ ಹಲಗೆ ಬಿಟ್ಟು ಟೀಚರ ಕೈಯನ್ನೇ ನೋಡುತ್ತಾ ಕೂತಳು. "ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು" ಎಂದು ಟೀಚರ್ ಈಗಲೂ ಮುಖ ಮುಚ್ಚಿಕೊಳ್ಳುತ್ತಾರೆ. "ತಪ್ಪು ನಂದೇ. ಕೈ ಹಿಡಿದು ನಡೆಸಿದೆ, ಕೈ ಬಿಡೋದು ಕಲಿಸ್ಲೇ ಇಲ್ಲ."

ಅಂದಿನಿಂದ ಹೊಸ ಆಟ. ಮೊದಲು ದೈತ್ಯನ ಕೈ, ಮೈಯೆಲ್ಲ ಬಳಸಿ. ಆಮೇಲೆ ಇರುವೆಯ ಕೈ, ಬರೀ ಬೆರಳ ತುದಿ. ಕೊನೆಗೆ ಗುಟ್ಟಿನ ಕೈ, ಅದು ತಲೆಯೊಳಗೇ ಆಡಬೇಕು, ಹೊರಗೆ ಯಾರಿಗೂ ಕಾಣಬಾರದು. ಮಕ್ಕಳಿಗೆ ಗುಟ್ಟೆಂದರೆ ಪಂಚಪ್ರಾಣ. ಉಸಿರು ಬಿಗಿಹಿಡಿದು, ಕಣ್ಣರಳಿಸಿ, ಕೆನ್ನೆ ಕೆಂಪಗೆ ಮಾಡಿಕೊಂಡು ಓದುತ್ತಾರೆ. ಎಲ್ಲರಿಗೂ ಬಂತು, ಗುಬ್ಬಿಗೆ ಮಾತ್ರ ಬಂದಿಲ್ಲ. ನಿನ್ನೆ ಸಂಜೆಯವರೆಗೂ ಅವಳು ಪ್ರತಿ ಪದಕ್ಕೂ ಟೀಚರ ಕಡೆ ತಿರುಗುತ್ತಿದ್ದಳು. "ಅವಳನ್ನೇ ಎಬ್ಬಿಸ್ತಾರೆ ನೋಡಿ, ಮುಂದೆ ಕೂತಿರ್ತಾಳಲ್ಲ. ಹಿಂದೆ ಕೂರಿಸ್ಲಾ ಅಂತ ರಾತ್ರಿಯೆಲ್ಲ ಯೋಚಿಸ್ದೆ. ಮನಸ್ಸು ಒಪ್ಲಿಲ್ಲ."

ಗಂಟೆ ಬಾರಿಸಿ ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕಿ ಒಳಗೆ ಬರುತ್ತಾರೆ. ಹೊರಗಿನ ಗಲಾಟೆ ಕೇಳದಿರಲೆಂದು ಬಾಗಿಲು ಹಾಕಿಸುತ್ತಾರೆ, ಮಕ್ಕಳ ಕೈ ಕಟ್ಟಿಸುತ್ತಾರೆ. ಒಬ್ಬ ಹುಡುಗ ಓದುತ್ತಾನೆ, ಇನ್ನೊಬ್ಬಳು ಓದುತ್ತಾಳೆ. ಟೀಚರ್‌ಗೆ ಹೋದ ಜೀವ ಬಂದ ಹಾಗಾಗುತ್ತದೆ. ಆದರೆ ಮೇಲ್ವಿಚಾರಕಿಯ ಹುಬ್ಬು ಇಳಿದಿಲ್ಲ. "ಇವೆಲ್ಲ ಬಾಯಿಪಾಠ ಇರಬಹುದು" ಎಂದು ಕೋಣೆಯ ಸೆಕೆಗೆ ಬೀಸಿಕೊಳ್ಳುತ್ತಾ, ಹಲಗೆಯ ಮೇಲೆ ಆಗಷ್ಟೇ ತೋಚಿದ್ದನ್ನು ಗೀಚುತ್ತಾರೆ. ಹಲಗೆ ಗುಬ್ಬಿಯ ಮುಂದೆ ಹೋಗಿ ನಿಲ್ಲುತ್ತದೆ.

ಟೀಚರ ಬಲಗೈ ತಾನಾಗಿಯೇ ಮೇಲೇಳುತ್ತದೆ. ಮೇಲ್ವಿಚಾರಕಿಯ ಬೆನ್ನು ಈ ಕಡೆಗಿದೆ, ಒಂದು ಸನ್ನೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ, ಗುಬ್ಬಿ ಅರಳು ಹುರಿದ ಹಾಗೆ ಓದಿಬಿಡುತ್ತಾಳೆ. ಕೋಣೆಯೂ ಉಳಿಯುತ್ತದೆ. ಟೀಚರ್ ದಡಕ್ಕನೆ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯಡಿಗೆ ತಳ್ಳಿ ಅವುಗಳ ಮೇಲೇ ಕೂರುತ್ತಾರೆ. ಕಾಲು ಮಾತ್ರ ನೆಲಕ್ಕೆ ತಟತಟ ಬಡಿಯುತ್ತಿದೆ.

ಗುಬ್ಬಿ ಹಲಗೆ ನೋಡುತ್ತಾಳೆ. ಮೇಲ್ವಿಚಾರಕಿ ಕಾಯುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಹುಡುಗಿ ಕಟ್ಟಿದ ಕೈ ಬಿಚ್ಚಿ, ಎದ್ದು ಹಿಂದಕ್ಕೆ ಓಡುತ್ತಾಳೆ.

"ಏಯ್, ಏಯ್! ಎಲ್ಲಿಗೆ ಹೊರಟೆ? ಓದೋಕೆ ಹೇಳಿದ್ರೆ ಓಡಿಹೋಗ್ತೀಯಾ?"

ಗುಬ್ಬಿ ತುದಿಗಾಲಲ್ಲಿ ನಿಂತು ಚಿಲಕ ಎಳೆಯುತ್ತಾಳೆ. ಬಾಗಿಲು ತೆರೆದು ತಂಗಾಳಿ ಒಳಗೆ ಬರುತ್ತದೆ. ಅವಳು ಹೆದರಿ ಗೋಡೆಗೆ ಅಂಟಿಕೊಳ್ಳುತ್ತಾಳೆ.

"ನೀವೇ ಬರೆದಿದ್ದೀರಲ್ಲ ಮಿಸ್, ಬಾಗಿಲು ತೆಗಿ ಅಂತ."

ಮೇಲ್ವಿಚಾರಕಿ ಹಲಗೆ ನೋಡುತ್ತಾರೆ, ಬಾಗಿಲು ನೋಡುತ್ತಾರೆ. ಆಮೇಲೆ ಗೊಳ್ಳೆಂದು ನಕ್ಕು, "ಕೋಣೆ ಇಟ್ಕೊಳ್ಳಿ ಟೀಚರ್" ಎಂದು ಹೇಳಿ ಬೆವರು ಒರೆಸಿಕೊಳ್ಳುತ್ತಾರೆ.

ಅವರು ಹೋದ ಮೇಲೆ ಮಕ್ಕಳೆಲ್ಲ ಹೋ ಎಂದು ವೃತ್ತಗಳಿಗೆ ನುಗ್ಗುತ್ತಾರೆ. ಟೀಚರ್ ಮಾತ್ರ ಕುರ್ಚಿ ಬಿಟ್ಟು ಎದ್ದಿಲ್ಲ. ಕೈ ಜೋಮು ಹಿಡಿದಿದೆ, ಒಂದೊಂದೇ ಬೆರಳು ನೀವಿಕೊಳ್ಳುತ್ತಿದ್ದಾರೆ, ಕಣ್ಣು ತುಂಬಿದೆ. ಕೋಣೆ ಉಳಿದದ್ದಕ್ಕೆ ಖುಷಿಯೇ ಎಂದರೆ ತಲೆಯಾಡಿಸಿ, "ಹೂಂ, ಅದೂ ಖುಷೀನೇ" ಎನ್ನುತ್ತಾರೆ. ಆಮೇಲೆ, "ಗುಬ್ಬಿ ಒಂದು ಸಲಾನೂ ನನ್ ಕಡೆ ನೋಡ್ಲಿಲ್ಲ" ಎನ್ನುತ್ತಾರೆ.