ಅಣ್ಣನ ಮೈಕು ಸುಮ್ಮನಾಗಲಿಲ್ಲ

ನಂಬುವವರು ನಂಬಿ, ಬಿಡುವವರು ಬಿಡಿ. ಆ ರಾತ್ರಿ ನಾನು ಆ ಸ್ಟೇಜಿನ ಮೇಲೇ ನಿಂತಿದ್ದೆ. ಹಗಲೆಲ್ಲ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ನನ್ನದು. ಕಂಡದ್ದನ್ನೆಲ್ಲ ನಂಬುವ ಜಾತಿಯವಳಲ್ಲ ನಾನು.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತವರು ಶನಿವಾರ ಬಂದರೆ ಗಿಟಾರ್ ಹಿಡಿಯುತ್ತಿದ್ದರು. ನನ್ನ ಅಣ್ಣ ವಸಂತನೂ ಹಾಗೇ ಒಂದು ರಾಕ್ ಬ್ಯಾಂಡ್ ಕಟ್ಟಿದ. ಹಾಡುವವನು ಅವನು, ಕೀಬೋರ್ಡ್ ನನ್ನದು. ಇನ್ನೊಂದು ಗಿಟಾರಿಗೆ ರಘು. ಕಾಚಿಗೂಡದಲ್ಲಿ ನಮ್ಮ ಎದುರು ಮನೆಯವನು, ನಮ್ಮಂತೆಯೇ ಕಲಬುರ್ಗಿ ಕಡೆಯವನು. ನಮ್ಮವ್ವನ ಕೈತುತ್ತು ತಿಂದು ಬೆಳೆದವನು.

ಮೈಕ್ ಟೆಸ್ಟ್ ಮಾಡುವಾಗ ಊರೆಲ್ಲ "ಹಲೋ, ಚೆಕ್" ಅಂದರೆ ಅಣ್ಣನದು ಬೇರೆಯೇ ವರಸೆ. "ಅವ್ವಾ... ಕೇಳಸಾಕತ್ತೈತೇನು? ಊಟ ಆತೇನು?" ಅವ್ವ ಅಲ್ಲಿರಲಿ, ಬಿಡಲಿ, ಅದೇ ಮಾತು. ಹುಡುಗರು ನಗುತ್ತಿದ್ದರು. ಅವನು ಕೇರೇ ಮಾಡುತ್ತಿರಲಿಲ್ಲ.

ಒಂದು ಸಂಜೆ ಕಾರ್ಯಕ್ರಮದಲ್ಲಿ ಗಿಟಾರ್ ಹಿಡಿದ ಅಣ್ಣನ ತುಟಿ ಮೈಕಿಗೆ ತಾಗಿತು... ಅಷ್ಟೇ. ಕರೆಂಟು ಹೊಡೆದು ಮೈಕಿಗೆ ಅಂಟಿದ ಕೈ ಬಿಡಿಸಲು ಆಗಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಕೆಲವು ಅವಸರದವರು ಪ್ಲಗ್ಗಿನ ಅರ್ಥಿಂಗ್ ವೈರನ್ನೇ ಕಿತ್ತು ಬಿಡುತ್ತಾರೆ. ಸದ್ದು ನಿಲ್ಲುತ್ತದೆ. ಆಮೇಲೆ ಕರೆಂಟು ಎಲ್ಲಿಯಾದರೂ ಸೋರಿದರೆ ಮನುಷ್ಯನ ಮೈಯೇ ಅದಕ್ಕೆ ದಾರಿ. ಅವತ್ತೂ ಆ ವೈರನ್ನು ಕಿತ್ತಿದ್ದರು. ಕಿತ್ತವರು ಯಾರು?

"ವಸಂತನಽ ಕಿತ್ತಾನ್ರೀ ಕಾಕೂ. ಬ್ಯಾಡೋ ಅಂದೆ, ಕೇಳಲಿಲ್ಲ," ಎಂದು ರಘು ಅವ್ವನ ಮುಂದೆ ಅತ್ತ.

ಅವ್ವ ಅದನ್ನೇ ನಂಬಿದಳು. ಅಣ್ಣನ ಫೋಟೊ ಗೋಡೆಗೆ ಹಾಕಲೇ ಇಲ್ಲ. "ತಾನಽ ಸಾವು ತಂದ್ಕೊಂಡ. ನನ್ನ ನೆನಪು ಬರಲಿಲ್ಲೇನು ಅವಗ?" ಎಂದು ಎರಡು ವರ್ಷ ಸತ್ತ ಮಗನನ್ನು ಬೈದಳು. ನನಗೆ ಮೈ ಉರಿಯುತ್ತಿತ್ತು. ಟೆಸ್ಟರ್ ಹಚ್ಚಿ ನೋಡದೆ ಗಿಟಾರ್ ಮುಟ್ಟದವನು ನನ್ನ ಅಣ್ಣ. ಆದರೆ ಸಾಕ್ಷಿ ಎಲ್ಲಿಂದ ತರಲಿ?

ಅಷ್ಟರಲ್ಲಿ ಬ್ಯಾಂಡಿಗೆ ಹೊರದೇಶದ ಕರೆ ಬಂತು. ದುಬೈ, ಮಸ್ಕತ್, ಸಿಂಗಾಪುರ, ಕೊನೆಗೆ ಹೈದರಾಬಾದ್. ಈಗ ಹಾಡುವವನು ರಘು. ಅಣ್ಣನ ಮೈಕನ್ನೇ ಎತ್ತಿ ಹಿಡಿದು "ಇದು ನನ್ನ ಗೆಳೆಯನ ನೆನಪು" ಎಂದು ಊರೂರಲ್ಲಿ ಕಣ್ಣೀರು ಹಾಕಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ನಾನೂ ಹೋದೆ. ಹಾಡಲಿಕ್ಕಲ್ಲ, ಅವನ ಬಾಯಿಂದ ನಿಜ ಹೊರಡಿಸಲಿಕ್ಕೆ.

ದುಬೈಯಲ್ಲೇ ಶುರುವಾಯಿತು. ಅಣ್ಣ ಕಟ್ಟಿದ ಹಾಡು ಬಂದಾಗ ಗುಂಯ್... ಎಂಬ ಸದ್ದು. ಸೌಂಡಿನವರು ಎಲ್ಲ ಬಿಚ್ಚಿ ನೋಡಿದರು, ಎಲ್ಲ ಸರಿ. ಮಸ್ಕತ್‌ನಲ್ಲಿ ಬೇರೆ ಸ್ಪೀಕರ್, ಬೇರೆ ಜನ. ಅದೇ ಹಾಡು, ಅದೇ ಸದ್ದು. ಸಿಂಗಾಪುರದಲ್ಲಿ ರಘುವಿನ ದನಿಯನ್ನೇ ಅದು ನುಂಗಿ ಹಾಕಿತು. ಅವನ ಮುಖ ಬಿಳಿಚಿಕೊಂಡಿತ್ತು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು.

ಹೈದರಾಬಾದಿನ ಶೋಗೆ ಅವ್ವನೂ ಬಂದು ಮುಂದಿನ ಸಾಲಿನಲ್ಲಿ ಕೂತಳು. ಅವತ್ತು ಮಾತ್ರ ಸದ್ದೇ ಬರಲಿಲ್ಲ. ರಘು ಗೆದ್ದವನ ಹಾಗೆ ನಗುತ್ತಿದ್ದ.

ಜನ ಕರಗಿದರು. ಜನರೇಟರ್ ಆಫ್ ಆಯಿತು. ವೈರುಗಳನ್ನೆಲ್ಲ ಸುತ್ತಿ ಲಾರಿಗೆ ಏರಿಸಿದ್ದರು. ಕತ್ತಲಲ್ಲಿ ಡೀಸೆಲ್ ವಾಸನೆ, ತುಳಿದ ಹುಲ್ಲಿನ ವಾಸನೆ. ನಾನು ಕೀಬೋರ್ಡ್ ಚೀಲಕ್ಕೆ ತುಂಬುತ್ತಿದ್ದೆ. ಸ್ಟ್ಯಾಂಡಿನಲ್ಲೇ ಉಳಿದಿದ್ದ ಅಣ್ಣನ ಮೈಕು ತೆಗೆಯಲು ರಘು ಕೈ ಹಾಕಿದ.

ಗುಂಯ್...

ಸುಟ್ಟ ವೈರಿನ ವಾಸನೆ ಮೂಗಿಗೆ ಬಡಿಯಿತು. ಟಾರ್ಚ್ ಹಾಕಿದೆ. ಮೈಕಿಗೆ ವೈರೇ ಇರಲಿಲ್ಲ! ಎರಡೂ ಕಡೆಯ ದೊಡ್ಡ ಸ್ಪೀಕರುಗಳು ಮಾತ್ರ ಎದೆ ನಡುಗಿಸುವಂತೆ ಗುಂಯ್‌ಗುಡುತ್ತಿದ್ದವು. ಆಮೇಲೆ... ಆ ಸದ್ದಿನ ಒಳಗಿಂದ...

"ಅವ್ವಾ... ಕೇಳಸಾಕತ್ತೈತೇನು?"

ಅಣ್ಣನ ದನಿ. ಕೆಳಗೆ ಖಾಲಿ ಕುರ್ಚಿಗಳ ನಡುವೆ, ನನಗಾಗಿ ಕಾದು ಕೂತಿದ್ದ ಅವ್ವ ಎದ್ದು ನಿಂತಿದ್ದಳು.

"ಕೇಳಸಾಕತ್ತೈತೋ ನನ್ನಪ್ಪಾ..." ಎಂದಳು, ದಿನಾ ಮಾತಾಡುವ ಹಾಗೆ.

"ಸುಮಾ! ಕೈ ಬಿಡವಲ್ದು!" ರಘು ಚೀರಿದ. "ಬಿಡಸ ನನ್ನ!"

ನಾನು ಕದಲಲಿಲ್ಲ. ಕದಲುವ ಮನಸ್ಸೂ ಇರಲಿಲ್ಲ. ಅವನ ಬೆರಳು ಮೈಕಿಗೆ ಅಂಟಿ ಬಿಳಿಚಿದ್ದವು. ಯಾರೋ ಹಿಂದಿನಿಂದ ಒತ್ತಿದಂತೆ ಅವನ ತಲೆ ಬಾಗಿ ತುಟಿ ಮೈಕಿಗೆ ತಾಗಿತು. ಆಗ ಅವನ ಮಾತು ಸ್ಪೀಕರಿನಿಂದ ಮೈದಾನವೆಲ್ಲ ಕೇಳಿಸಿತು.

"ಅರ್ಥಿಂಗ್ ನಾನಽ ಕಿತ್ತೀನ್ರೀ ಕಾಕೂ... ವಸಂತ ಟೆಸ್ಟರ್ ಹಚ್ಚಿ ನೋಡಿ ಹೋಗಿದ್ದ. ಜನ ಬಂದು ಕುಂತಿದ್ರು, ಸದ್ದು ನಿಲ್ಲವಲ್ದಾಗಿತ್ತು. ವಸಂತಗ ಹೇಳಿದ್ರ ಶೋ ನಿಲ್ಲಸ್ತಿದ್ದ, ಅದಕ್ಕ ಹೇಳಲಿಲ್ಲ. ಆಮ್ಯಾಲ ಹೆದರಿ ಅವನ ಮ್ಯಾಲ ಹಾಕಿದೆ..."

ಅವ್ವ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದಳು. "ಕೊಡಪ್ಪಾ ಇಲ್ಲೆ," ಎಂದು ಮೈಕಿಗೆ ಕೈ ಚಾಚಿದಳು. ಮಾಗಿದ ಹಣ್ಣು ತೊಟ್ಟು ಕಳಚಿದ ಹಾಗೆ ಅದು ಅವಳ ಕೈಗೆ ಬಂತು. ಸದ್ದು ನಿಂತಿತು. ರಘು ಕುಸಿದು ಬಿದ್ದ.

ಪೊಲೀಸರ ಹತ್ತಿರ ಹೋಗೋಣ ಎಂದು ನಾನು ಹಟ ಹಿಡಿದೆ. ಅವ್ವ ತಲೆ ಅಲ್ಲಾಡಿಸಿದಳು. "ಅವರು ಎಷ್ಟು ದಿನ ಇಟ್ಕೋತಾರ?"

ಆಗ ನನಗೆ ಆ ಮಾತು ಅರ್ಥವಾಗಲಿಲ್ಲ.

ರಘುವಿನ ಬಲಗೈ ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ. ಡಾಕ್ಟರಿಗೆ ಕಾರಣ ಸಿಕ್ಕಿಲ್ಲ. ಬ್ಯಾಂಡ್ ಬಿಟ್ಟ, ಊರೂ ಬಿಟ್ಟ. ಎಲ್ಲಿ ಹೋದರೂ ಆ ಗುಂಯ್ ಕಿವಿಯಲ್ಲೇ ಇದೆಯಂತೆ. ನಮ್ಮ ಮನೆಯಲ್ಲಿ ಅಣ್ಣನ ಫೋಟೊ ಗೋಡೆಗೇರಿತು. ಅದರ ಕೆಳಗಿನ ಹಲಗೆಯ ಮೇಲೆ ಮೈಕು. ರಾತ್ರಿ ಊಟದ ಹೊತ್ತಿಗೆ ಅದು ಸಣ್ಣಗೆ ಗುಂಯ್ ಅನ್ನುತ್ತದೆ. ಅದೇ ಹೊತ್ತಿಗೆ ರಘುವಿನ ಫೋನೂ ಬರುತ್ತದೆ.

"ಕಾಕೂ, ತಪ್ಪಾತ್ರೀ... ನಿಲ್ಲಸಂತ ಹೇಳ್ರಿ ಅವಗ. ನಿದ್ದಿ ಬರವಲ್ದು..."

ಅವ್ವ ಫೋನನ್ನು ಮೈಕಿನ ಪಕ್ಕಕ್ಕೆ ಇಟ್ಟು ನನಗೆ ರೊಟ್ಟಿ ಬಡಿಸುತ್ತಾಳೆ. "ಕೇಳ್ಲಿ ಬಿಡು. ಅವನ ಸುಳ್ಳು ನಾ ಎರಡು ವರ್ಷ ಕೇಳೀನಿ."

ಮೊದಮೊದಲು ನನಗೂ ಹಿತವಾಗಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡಿದ್ದೆ. ಈಗೀಗ ಅವನ ಅಳು ಕೇಳಿದರೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತೇನೆ.

ಮೊನ್ನೆ ಊಟದ ಹೊತ್ತಾದರೂ ಮೈಕು ಸುಮ್ಮನಿತ್ತು. ಸದ್ಯ, ಮುಗಿಯಿತು, ಅಣ್ಣ ಹೊರಟುಹೋದ ಎಂದು ನಾನು ಉಸಿರು ಬಿಟ್ಟೆ.

ಅವ್ವ ಎದ್ದು ಹೋದಳು. ಶಾಲೆಗೆ ಹೊತ್ತಾದ ಮಗುವನ್ನು ಎಬ್ಬಿಸುವ ಹಾಗೆ ಮೈಕಿನ ಮೇಲೆ ಕೈಯಾಡಿಸಿದಳು.

"ಏಳೋ ನನ್ನಪ್ಪಾ... ರಘೂನ ಫೋನ್ ಬರೂ ಹೊತ್ತಾತು."

ಗುಂಯ್...