ಟೇಕಲ್ ಸ್ಟೇಷನ್ನಿನ ಕಂದು ಟೋಪಿ

೧೯೪೧ರಲ್ಲಿ ಕೋಲಾರದ ಪೇಟೆಬೀದಿಯಲ್ಲಿ ನನ್ನದೊಂದು ಟೋಪಿ ರಿಪೇರಿ ಅಂಗಡಿಯಿತ್ತು. ಮೈಸೂರಿನಲ್ಲಿ ಬಿ.ಎ. ಮಾಡಿ, ಎರಡು ಶಾಲೆಗಳ ಮೇಷ್ಟರಿಕೆ ಬಿಟ್ಟು, ಕೊನೆಗೆ ನಿಂತದ್ದು ಈ ಕೆಲಸದಲ್ಲಿ. ಬಿಳಿ ದೊರೆಗಳು ಬಂಗಲೆ ಖಾಲಿ ಮಾಡುವಾಗ ಬಿಟ್ಟುಹೋದ ಇಟಲಿಯ ಫೆಲ್ಟ್ ಟೋಪಿಗಳನ್ನು ಹುಡುಕಿ ತರುತ್ತಿದ್ದೆ. ಯಾವ ಕಾಲದ್ದೆಂದು ಗುರುತಿಸಿ, ಹೊಸ ತಲೆಗೆ ಹೊಂದಿಸಿ ಕೊಡುತ್ತಿದ್ದೆ. ಫೆಲ್ಟ್ ಎಂದರೆ ಮೊಲದ ತುಪ್ಪಳವನ್ನು ಬಿಸಿನೀರಿನಲ್ಲಿ ಒತ್ತಿ ಮಾಡಿದ ಬಟ್ಟೆ. ಹಬೆ ಹಿಡಿದು ಮರದ ಅಚ್ಚಿಗೆ ಎಳೆದರೆ ಅಚ್ಚಿನ ಆಕಾರ ಪಡೆಯುತ್ತದೆ. ಒಬ್ಬನೇ ಬಹಳ ಕಾಲ ಹಾಕಿಕೊಂಡರೆ ಅವನ ತಲೆಯ ಆಕಾರವೂ ಅದರಲ್ಲಿ ಉಳಿಯುತ್ತದೆ. ಇದು ನನಗೆ ಗೊತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಆ ಬೇಸಿಗೆಯಲ್ಲಿ ಟೇಕಲ್ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬ ಅಪರಿಚಿತ ಜ್ವರದಿಂದ ಸತ್ತ. ಯಾರೂ ಹುಡುಕಿಕೊಂಡು ಬಾರದ್ದರಿಂದ ಅಲ್ಲಿಯವರೇ ಮಣ್ಣು ಮಾಡಿದರು. ಉಳಿದದ್ದು ಒಂದು ಕಂದು ಟೋಪಿ. ತಿಂಗಳಾದ ಮೇಲೆ ಮಾಲೂರಿನ ಹೆಡ್ ಕಾನ್‌ಸ್ಟೇಬಲ್ ಅದನ್ನು ನನ್ನ ಅಂಗಡಿಗೆ ತಂದರು. ಜೊತೆಯಲ್ಲಿ ಬೈರಕೂರಿನ ಮುನಿವೆಂಕಟಮ್ಮ, ಆಕೆಯ ಅಣ್ಣ ನಾರಾಯಣಪ್ಪ ಇದ್ದರು. ಆಕೆಯ ಗಂಡ ವೆಂಕಟರಮಣಪ್ಪ ಸರ್ವೆ ದೊರೆಯೊಬ್ಬರ ಅಡುಗೆಯವನಾಗಿದ್ದ. ೧೯೩೨ರಲ್ಲಿ ಸ್ವದೇಶಕ್ಕೆ ಹೊರಟ ದೊರೆ ತಮ್ಮ ಟೋಪಿಯನ್ನು ಅವನಿಗೆ ಕೊಟ್ಟಿದ್ದರು. ಬೇರೆ ಕೆಲಸ ಹುಡುಕಿಕೊಂಡು ಹೋದವನು ಒಂದು ವರ್ಷದಿಂದ ಮನೆಗೆ ಬಂದಿರಲಿಲ್ಲ. ಟೋಪಿ ಅವನದಾದರೆ ಆಕೆ ಕುಂಕುಮ ಅಳಿಸಿ ತಿಥಿ ಮಾಡಬೇಕು. ಅಲ್ಲವಾದರೆ ಕಾಯಬೇಕು.

“ಟೋಪಿಗೂ ಜಾತಕ ಬರೀತೀರಂತಲ್ಲ ಸ್ವಾಮಿ, ಇದ್ರದ್ದೂ ನೋಡಿ,” ಎಂದರು ಹೆಡ್ ಕಾನ್‌ಸ್ಟೇಬಲ್.

ನಾನು ಮುಟ್ಟುವ ಮೊದಲೇ ಮುನಿವೆಂಕಟಮ್ಮ ಟೋಪಿಯನ್ನು ಎತ್ತಿಕೊಂಡು ಒಳಗೆ ಕೈ ಹಾಕಿದಳು. “ನಮ್ಮೋರ್ದೇ ಸ್ವಾಮಿ. ಬಲಗಡೆ ಕಿವಿ ಮೇಲೆ ಉಬ್ಬು ಐತೆ ನೋಡಿ. ಅವ್ರ ತಲೆಗೆ ಎಣ್ಣೆ ಹಚ್ಚಿದ ಕೈಗೆ ತಿಳೀದಾ?”

ನಾನು ಉಬ್ಬನ್ನು ನೋಡಲಿಲ್ಲ. ಟೋಪಿಯ ಒಳಸುತ್ತಿನಲ್ಲಿ, ಹಣೆಗೆ ತಾಗುವ ಕಡೆ, ಬೆವರು ಹೀರಲು ಒಂದು ಚರ್ಮದ ಪಟ್ಟಿ ಇರುತ್ತದೆ. ಅದನ್ನು ಮಗುಚಿ ಕಂಪನಿಯ ಮುದ್ರೆ ನೋಡಿದೆ. ಬೆಂಗಳೂರು ದಂಡು ಪ್ರದೇಶದ ಟೋಪಿ ಅಂಗಡಿಯೊಂದರ ಹಳೆಯ ಕ್ಯಾಟಲಾಗುಗಳನ್ನು ವರ್ಷವಾರು ಓದಿದ್ದವನು ನಾನು. ಆ ಮುದ್ರೆ ೧೯೩೬ಕ್ಕಿಂತ ಮುಂಚೆ ಇರಲಿಲ್ಲ. ೧೯೩೨ರಲ್ಲಿ ಕೊಟ್ಟ ಟೋಪಿ ಇದಾಗಿರಲು ಸಾಧ್ಯವೇ ಇಲ್ಲ ಎಂದೆ. “ಇರಲಾರದು” ಎಂದಷ್ಟೇ ಹೇಳಿದೆನೆಂದು ಒಮ್ಮೊಮ್ಮೆ ನನಗೆ ಅನಿಸುತ್ತದೆ. ಆದರೆ ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡದ್ದು “ಸಾಧ್ಯವೇ ಇಲ್ಲ” ಎಂದೇ. ನಾನು ಅದನ್ನು ಓದಿ ರುಜು ಹಾಕಿದ್ದೆ.

ಮುನಿವೆಂಕಟಮ್ಮ ಅಳತೊಡಗಿದಳು. ನಾರಾಯಣಪ್ಪ, “ಸುಮ್ಕಿರಮ್ಮಾ, ಓದಿದೋರು ಹೇಳ್ತವ್ರೆ. ಗಂಡ ಬದುಕವ್ನೆ ಅಂದ್ರೂ ಅಳ್ತೀಯಲ್ಲ,” ಎಂದು ಕರೆದುಕೊಂಡು ಹೋದ.

ವಾರಸುದಾರರಿಲ್ಲದ ಆ ಟೋಪಿಯನ್ನು ಮರುವರ್ಷ ಪೊಲೀಸರ ಹರಾಜಿನಲ್ಲಿ ನಾನೇ ಕೊಂಡೆ. ಒಳ್ಳೆಯ ಮಾಲು, ನನ್ನ ಸಂಗ್ರಹಕ್ಕೆ ಬೇಕೆನಿಸಿತು. ಹಬೆ ಹಿಡಿದೆ, ಅಚ್ಚಿಗೆ ಎಳೆದೆ, ಬ್ರಷ್ ಮಾಡಿ ಗಾಜಿನ ಬೀರುವಿನಲ್ಲಿಟ್ಟೆ. ಎಳೆಯುವಾಗ ಬಲಗಡೆ ಬೆರಳಿಗೆ ಏನೋ ಉಬ್ಬು ತಾಗಿತ್ತೆಂದು ಈಗ ನೆನಪು. ಅದು ನಿಜವಾದ ನೆನಪೋ, ತಪ್ಪು ಮಾಡಿದ ಮನಸ್ಸು ಆಮೇಲೆ ಹೊಲಿದು ಸೇರಿಸಿದ್ದೋ ಹೇಳಲಾರೆ.

೧೯೪೪ರಲ್ಲಿ ಬೇರೆ ಯಾವುದೋ ಟೋಪಿಯ ವಿವರ ಹುಡುಕಲು ಹಳೆಯ ಕೆಲಸದ ಪುಸ್ತಕ ತೆಗೆದೆ. ೧೯೩೮ರ ಒಂದು ಪುಟದಲ್ಲಿ ನನ್ನದೇ ಅಕ್ಷರ: ‘ಕಂದು ಫೆಲ್ಟ್, ಬೈರಕೂರು ವೆಂಕಟರಮಣಪ್ಪ. ಪಟ್ಟಿ ಸವೆದಿದೆ. ಇಲಿ ಕಡಿದ ಇನ್ನೊಂದು ಟೋಪಿಯ ಪಟ್ಟಿ ಬಿಚ್ಚಿ ಹಾಕಿದೆ.’ ಬೀರು ತೆಗೆದು ಪಟ್ಟಿ ಮಗುಚಿದೆ. ಹೊಲಿಗೆ ನನ್ನದೇ. ಅಂದು ಮುದ್ರೆ ಕಂಡ ಖುಷಿಯಲ್ಲಿ ಹೊಲಿಗೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ನಾನು ಹೇಳಿದ್ದು ಚರ್ಮದ ವಯಸ್ಸು, ಟೋಪಿಯದಲ್ಲ. ಅಂಗಡಿಗೆ ಬಂದಿದ್ದ ಆ ಮನುಷ್ಯನ ಮುಖವನ್ನು ಎಷ್ಟು ಯೋಚಿಸಿದರೂ ನೆನಪಿಗೆ ತಂದುಕೊಳ್ಳಲಾಗಲಿಲ್ಲ.

ಮರುದಿನ ಮುಳಬಾಗಿಲು ಬಸ್ಸು ಹತ್ತಿ, ಅಲ್ಲಿಂದ ಬೈರಕೂರಿಗೆ ಹೋದೆ. ಮುನಿವೆಂಕಟಮ್ಮ ತೋಟದಲ್ಲಿ ಬದನೆಕಾಯಿ ಬಿಡಿಸುತ್ತಿದ್ದಳು. ಹಣೆಯಲ್ಲಿ ಕುಂಕುಮ ಇತ್ತು. ಟೋಪಿ ಅವನದೇ, ತಪ್ಪು ನನ್ನದು ಎಂದಷ್ಟೇ ಹೇಳಿದೆ.

ಆಕೆ ಬುಟ್ಟಿ ಕೆಳಗಿಟ್ಟಳು. “ಅವತ್ತೇ ಹೇಳಿದ್ನಲ್ಲ ಸ್ವಾಮಿ. ನೀವು ಅಲ್ಲ ಅಂದ್ರಿ. ನನ್ನ ಕೈಯೇ ಸುಳ್ಳು ಹೇಳ್ತೋ ಏನೋ ಅಂದ್ಕೊಂಡೆ. ಮೂರು ವರ್ಷ ದಿನಾ ಒಂದು ಮುದ್ದೆ ಜಾಸ್ತಿ ಕಟ್ಟಿದೀನಿ.” ನನ್ನ ಚೀಲದ ಕಡೆ ನೋಡಿ ಕೇಳಿದಳು: “ಟೋಪಿ ತಂದಿದೀರಾ?”

ಚೀಲದಿಂದ ತೆಗೆದುಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬೆರಳಾಡಿಸಿದಳು. ಬಲಗಡೆ ಕಿವಿಯ ಮೇಲೆ ಹುಡುಕಿದಳು. ಟೋಪಿ ತಿರುಗಿಸಿ ಎಡಗಡೆಯೂ ಹುಡುಕಿದಳು. ಮತ್ತೆ ಬಲಗಡೆ.

“ಸಾಪು ಮಾಡ್ಬಿಟ್ಟಿದೀರ,” ಎಂದಳು.

ಆಮೇಲೆ ಅಂಗಡಿ ನಡೆಸಿದಷ್ಟು ವರ್ಷವೂ, ಬದಲಿಸಿದ ಪ್ರತಿ ಪಟ್ಟಿಯ ಅಡಿಯಲ್ಲಿ ಬದಲಿಸಿದ ವರ್ಷ ಬರೆದೆ. ಯಾವ ಹಳೆಯ ಟೋಪಿ ಬಂದರೂ ಮುದ್ರೆ ನೋಡುವ ಮೊದಲು ಅದನ್ನು ತಂದವರ ಕೈಗೇ ಕೊಟ್ಟು, ಏನು ಗೊತ್ತಾಗುತ್ತದೆ ಎಂದು ಕೇಳಿದೆ. ಬೈರಕೂರಿನ ಆ ಟೋಪಿಗೆ ಮಾತ್ರ ಮಾಡುವುದೇನೂ ಉಳಿದಿರಲಿಲ್ಲ. ಅದರಲ್ಲಿ ಉಳಿದಿದ್ದ ತಲೆಯನ್ನು ನಾನೇ ಹಬೆ ಹಿಡಿದು ಅಳಿಸಿದ್ದೆ.